ಒಡೆಯದ ಗಾಜು

ಗಾಜಿನಜ್ಜನಿಗೆ ಹೆದರಿಕೆ ಎನ್ನುವುದೇ ಗೊತ್ತಿಲ್ಲ ಎಂದು ಬೀದಿಯವರೆಲ್ಲ ನಂಬಿದ್ದರು. ನಂಬದೆ ಏನು ಮಾಡುತ್ತಾರೆ? ಮೀಸೆ ಮೂಡುವ ಮೊದಲಿನಿಂದಲೂ ಗಾಜು ಕೊಯ್ಯುತ್ತಾ ಬಂದ ಕೈ ಅದು. ಆಳೆತ್ತರದ ಗಾಜಿನ ಹಾಳೆಯನ್ನು ಹೆಗಲಿಗೆ ಆನಿಸಿಕೊಂಡು, ಜನ ಗಿಜಿಗುಡುವ ಹೊತ್ತಿನಲ್ಲಿ, "ದಾರಿ ಬಿಡ್ರಪ್ಪಾ, ತಾಗಿದ್ರೆ ಇಬ್ರಿಗೂ ನಷ್ಟ" ಎಂದು ರಾಗವಾಗಿ ಕೂಗುತ್ತಾ ನಡೆದುಬಿಡುತ್ತಿದ್ದ. ಅಂಗೈ ತುಂಬ ಹಳೆಯ ಗಾಯದ ಗೆರೆಗಳು. ಕೈ ನೋಡಿ ಭವಿಷ್ಯ ಹೇಳುವವರು ಬಂದರೆ ಯಾವ ಗೆರೆ ಹುಟ್ಟಿದ್ದು, ಯಾವುದು ಕೊಯ್ದದ್ದು ಎಂದು ತಿಳಿಯದೆ ಎದ್ದುಹೋಗಬೇಕು, ಹಾಗಿತ್ತು. ಅಂಥ ಮನುಷ್ಯ ಬೆರಳುದ್ದದ ಒಂದು ಗಾಜಿನ ಪಟ್ಟಿಗೆ ಹೆದರಿ ಊಟ ನಿದ್ದೆ ಬಿಟ್ಟ ಎಂದರೆ ಯಾರು ನಂಬುತ್ತಾರೆ? ಆದರೆ ನಡೆದದ್ದು ಹಾಗೆಯೇ.

ಬೀದಿಯ ತಿರುವಿನಲ್ಲಿ ಅವನ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಅಂಗಡಿಯ ಒಂದು ಗೋಡೆಯುದ್ದಕ್ಕೂ ಮರದ ಗೂಡುಗಳಲ್ಲಿ ಗಾಜಿನ ಹಾಳೆಗಳು ಒತ್ತೊತ್ತಾಗಿ ನಿಂತಿದ್ದವು. ಎದುರು ಗೋಡೆಯಲ್ಲಿ, ಕಟ್ಟು ಹಾಕಿಸಿ ಒಯ್ಯಲು ಮರೆತವರ ಫೋಟೋಗಳು. ಯಾರದೋ ಮದುವೆ, ಯಾರದೋ ಮಗು, ಯಾರದೋ ಸತ್ತ ಚಿಕ್ಕಪ್ಪ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಬೆಟ್ಟದ ರಸ್ತೆಗಳಲ್ಲಿ ಮಣ್ಣು ಬಗೆಯುವ ಯಂತ್ರ ನಡೆಸುತ್ತಿದ್ದ, ಕೆಲಸ ಇದ್ದಲ್ಲೇ ಮಲಗುತ್ತಿದ್ದ. ಸೊಸೆ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರು, ಚೊಚ್ಚಲ ಬಸುರಿ. ಮಾವ ಸೊಸೆ ಇಬ್ಬರಿಗೂ ಬಾಯಿ ಜೋರು. ಚಹಾಕ್ಕೆ ಸಕ್ಕರೆ ಎಷ್ಟು ಎಂಬುದಕ್ಕೂ ಜಗಳವಾಡಿ, ಜಗಳ ಮುಗಿದ ಮೇಲೆ ಒಂದೇ ಲೋಟದಿಂದ ಬಗ್ಗಿಸಿಕೊಂಡು ಕುಡಿಯುತ್ತಿದ್ದರು.

ದೊಡ್ಡ ಭೂಕಂಪ ಬಂದದ್ದು ಬೆಳಗಿನ ಹೊತ್ತು. ಮೊದಲು ಗೂಡಿನಲ್ಲಿದ್ದ ಗಾಜುಗಳು ಕಟಕಟ ಎಂದವು, ಚಳಿಗೆ ಹಲ್ಲು ಕಡಿಯುವ ಹಾಗೆ. ಅಜ್ಜ ತಲೆ ಎತ್ತುವಷ್ಟರಲ್ಲಿ ಇಡೀ ಗೂಡು ಮುಗ್ಗರಿಸಿ ಬಿತ್ತು. ಮೆಟ್ಟಿಲಿಳಿದು ಓಡಿಬರುತ್ತಿದ್ದ ಸೊಸೆ ಜಾರಿ ಕುಸಿದಳು. ನೆಲ ನಿಂತ ಮೇಲೆ ಅವಳನ್ನು ಎತ್ತಿಕೊಂಡು ಹೋಗಿ ತೋರಿಸಿದಾಗ ಡಾಕ್ಟರಮ್ಮ ಹೇಳಿದ್ದು ಇಷ್ಟು: "ಮಗು ಉಳಿದಿದೆ. ಆದ್ರೆ ಹೆರಿಗೆ ಆಗೋವರೆಗೂ ಹಾಸಿಗೆ ಮೇಲೇ ಇರ್ಬೇಕು. ಸ್ನಾನಕ್ಕೆ, ಸ್ವಲ್ಪ ಬಿಸಿಲಿಗೆ ಬೇಕಾದ್ರೆ ಎದ್ದೇಳ್ಲಿ. ಓಡೋದು, ಹೆದರೋದು ಎರಡೂ ಬೇಡ."

ನೆಲವೇ ನಡುಗುವ ಊರಿನಲ್ಲಿ ಹೆದರಬೇಡ ಎನ್ನುವುದು, ಹೊಳೆಯಲ್ಲಿ ನಿಲ್ಲಿಸಿ ಒದ್ದೆಯಾಗಬೇಡ ಎಂದ ಹಾಗೆ. ದಿನಕ್ಕೊಮ್ಮೆಯಾದರೂ ನೆಲ ಸಣ್ಣಗೆ ಅದುರುತ್ತಿತ್ತು. ಬಾಗಿಲ ಚಿಲಕ ಟಿಕ್ ಎಂದರೆ ಸೊಸೆಯ ಮುಖ ಸುಣ್ಣದಂತಾಗುತ್ತಿತ್ತು. ಕಾಲ ಬಳಿ ಚಪ್ಪಲಿ, ಬಾಗಿಲ ಬಳಿ ಬಟ್ಟೆಬರೆಯ ಚೀಲ. ಸೀರೆ ಉಟ್ಟರೆ ಕಾಲಿಗೆ ತೊಡರುತ್ತದೆ ಎಂದು ಉಡುವುದನ್ನೇ ಬಿಟ್ಟಿದ್ದಳು. ಊಟದ ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಅವಳು ಬೇರೆ ಎಲ್ಲ ತಿಳಿದವಳು ನೋಡಿ, ತಿಳಿದವರ ಹೆದರಿಕೆಗೆ ಬೇರು ಆಳ.

ಒಂದು ದಿನ ಹೊದಿಕೆಯನ್ನೇ ಹಿಡಿದು ಮಾವನಿಗೆ ಪಾಠ ಮಾಡಿದಳು. "ನೆಲ ಅಂದ್ರೆ ಒಂದೇ ತುಂಡಲ್ಲ ಮಾವ. ದೊಡ್ಡ ದೊಡ್ಡ ಚಪ್ಪಡಿಗಳು. ಎರಡು ಚಪ್ಪಡಿ ಎದುರುಬದರು ತಳ್ಳಾಡ್ತಾ ಇವೆ, ಉಗುರು ಬೆಳೆಯೋಷ್ಟು ನಿಧಾನವಾಗಿ." ಹೊದಿಕೆಯನ್ನು ಎರಡೂ ಕಡೆಯಿಂದ ಒತ್ತಿದಾಗ ನಡುವೆ ಮಡಿಕೆಗಳೆದ್ದವು. "ಇದು ನಮ್ಮ ಬೆಟ್ಟ. ಈ ತಗ್ಗು ನಮ್ಮ ಕಣಿವೆ. ನಾವು ಇಲ್ಲಿದ್ದೀವಿ."

"ಅಷ್ಟು ನಿಧಾನ ಜರುಗೋದಾದ್ರೆ ಜರುಗಲಿ ಬಿಡಮ್ಮ. ಹೀಗೆ ಒಂದೇ ಸಲ ಮೈಮೇಲೆ ಬೀಳೋದ್ಯಾಕೆ?"

"ಕಲ್ಲು ಬಟ್ಟೆ ಥರ ಅಲ್ವಲ್ಲ. ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತೆ. ಒಳಗೊಳಗೇ ಬಿಗಿ ಏರ್ತಾ ಹೋಗುತ್ತೆ. ತಡೆದು, ತಡೆದು, ಒಂದಿನ ಕೈಬಿಡುತ್ತೆ. ಆಮೇಲೆ ಒಡೆದ ತುಂಡುಗಳು ಹೊಂದ್ಕೊಂಡು ಕೂರ್ಬೇಕಲ್ಲ, ಅದಕ್ಕೇ ಈ ಮರಿ ನಡುಕಗಳು. ತಿಂಗಳುಗಟ್ಟಲೆ ಇರುತ್ತವೆ."

ಅಜ್ಜನಿಗೆ ಇದು ಥಟ್ಟನೆ ಅರ್ಥವಾಯಿತು. ಗಾಜು ಬಾಗುವುದಿಲ್ಲ ಎನ್ನುತ್ತಾರೆ ಜನ. ಬಾಗುತ್ತದೆ. ಎರಡು ಕೈಯಲ್ಲಿ ಹಿಡಿದು ಒತ್ತಿದರೆ ಒಂದು ಕೂದಲಿನಷ್ಟು ಬಾಗಿ ನಿಲ್ಲುತ್ತದೆ, ಇನ್ನಷ್ಟು ಒತ್ತಿದರೂ ಸಹಿಸುತ್ತದೆ. ಆಮೇಲೆ ಹೇಳದೆ ಕೇಳದೆ ಒಡೆಯುತ್ತದೆ. ಕಾಲ ಕೆಳಗೆ ಅಷ್ಟು ದೊಡ್ಡದೊಂದು ಗಾಜು ಯಾರದೋ ಕೈಯಲ್ಲಿ ಬಾಗುತ್ತಿದೆ ಎಂದು ಯೋಚಿಸಿದವನು ಕಾಲನ್ನು ಮೆಲ್ಲಗೆ ಮೇಲೆಳೆದುಕೊಂಡ. ಮುಖದ ಮೇಲೆ ಏನೂ ತೋರಿಸಿಕೊಳ್ಳಲಿಲ್ಲ.

ಊರಾಚೆ ಹಳ್ಳದ ಬಳಿ ನೆಲ ಸೀಳಿದೆಯಂತೆ, ನೋಡಿಬಂದು ಹೇಳಿ ಎಂದು ಅವಳೇ ಕಳಿಸಿದಳು. ಅಜ್ಜ ಹೋದ. ಬಯಲಿನ ಉದ್ದಕ್ಕೂ ಒಂದು ಗೆರೆ. ಗೆರೆಯ ಆಚೆಯ ನೆಲ ಮೊಣಕಾಲೆತ್ತರ ಮೇಲೆದ್ದು ನಿಂತಿತ್ತು. ಬೇಲಿಯೊಂದು ನಡುವೆ ತುಂಡಾಗಿ ಅರ್ಧ ಮೇಲೆ, ಅರ್ಧ ಕೆಳಗೆ. ನಿನ್ನೆ ಮೊನ್ನೆಯವರೆಗೆ ಸಪಾಟಾಗಿ ಹರಿಯುತ್ತಿದ್ದ ಹಳ್ಳ ಈಗ ಅಲ್ಲಿಗೆ ಬಂದು ಧುಮುಕುತ್ತಿತ್ತು. ಜನ ಹೊಸ ಜಲಪಾತ ನೋಡಲು ಬಂದವರಂತೆ ನಗುತ್ತಾ ನಿಂತಿದ್ದರು. ಅಜ್ಜನ ಕಾಲು ಮುಂದಕ್ಕೆ ಹೋಗಲಿಲ್ಲ. ಮನೆಗೆ ಬಂದು, "ಏನಿಲ್ಲ ಕಣಮ್ಮ, ಒಂದು ಮೆಟ್ಟಿಲಿನಷ್ಟು ಎದ್ದಿದೆ" ಎಂದ.

"ಬೆಟ್ಟ ಹುಟ್ಟೋದೇ ಹಾಗೆ ಮಾವ. ಒಂದೊಂದು ಮೆಟ್ಟಿಲಾಗಿ," ಎಂದಳು ಸೊಸೆ, ಮೆತ್ತಗಿನ ದನಿಯಲ್ಲಿ.

ಅಂದಿನಿಂದ ಅಜ್ಜ ಕಿಟಕಿಯಾಚೆಯ ಬೆಟ್ಟಗಳನ್ನು ನೋಡುವುದು ಬಿಟ್ಟ. ಮುಗಿಲಿಗೆ ತಾಗುವಷ್ಟು ಎತ್ತರ. ಅದರಲ್ಲಿ ಒಂದೊಂದು ಮೊಣಕಾಲೆತ್ತರಕ್ಕೂ ಅಂಥದೊಂದು ಭೂಕಂಪದ ಬೆಳಗು.

ಮನೆಗಳ ತಪಾಸಣೆಗೆ ಬಂದ ಎಂಜಿನಿಯರು ಮಹಡಿಯ ಹಿಂದಿನ ಗೋಡೆಯನ್ನು, ಅಂದರೆ ಸೊಸೆಯ ಮಂಚವಿದ್ದ ಗೋಡೆಯನ್ನು, ಬಹಳ ಹೊತ್ತು ನೋಡಿದ. ಮೂಲೆಯಿಂದ ಕಿಟಕಿಯವರೆಗೆ ಓರೆಯಾಗಿ ಬಿರುಕು. ಅವನು ಅದರ ಮೇಲೆ ಅಡ್ಡಲಾಗಿ ಬೆರಳುದ್ದದ ತೆಳುಗಾಜಿನ ಪಟ್ಟಿಯೊಂದನ್ನಿಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿ, ಪಟ್ಟಿಯ ಮೇಲೆ ಕಪ್ಪು ಬಣ್ಣದಲ್ಲಿ ತಾರೀಕು ಬರೆದು ಸಹಿ ಎಳೆದ. "ಬಿರುಕು ಸುಮ್ನೆ ನಿಂತಿದ್ರೆ ಭಯ ಇಲ್ಲ ಅಜ್ಜ. ಬೆಳೀತಾ ಇದ್ರೆ ಈ ಗಾಜು ಒಡೆಯುತ್ತೆ. ಒಡೆದ ಕ್ಷಣ ಮನೆ ಬಿಡ್ಬೇಕು. ಚೊಂಬು ತಟ್ಟೆ ಅಂತ ಹಿಂತಿರುಗಿ ನೋಡ್ಬಾರ್ದು."

ಸೊಸೆಗೆ ಆ ಗಾಜು ಆಸರೆಯಾಯಿತು. ಬೆಳಗ್ಗೆ ಕಣ್ಣು ಬಿಟ್ಟರೆ ಮೊದಲು ಗೋಡೆ ನೋಡುವಳು. ಇಡಿಯಾಗಿದೆ. ಉಸಿರು ಬಿಡುವಳು. ವಾರದೊಳಗೆ ಅರ್ಧ ತಟ್ಟೆ ಊಟ ಒಳಗಿಳಿಯತೊಡಗಿತು.

ಅದಾದ ಮೇಲೊಂದು ಬೆಳಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ಅಜ್ಜ ಚಹಾ ಹಿಡಿದು ಮಹಡಿಗೆ ಬಂದ. ಪಟ್ಟಿ ನಡುವೆ ಸೀಳಿತ್ತು. ಕೂದಲೆಳೆಯಷ್ಟು ಸೀಳು. ಬೇರೆ ಯಾರಾದರೂ ಬೆಳಕಿಗೆ ಓರೆಯಾಗಿ ನಿಂತು ನೋಡಬೇಕಿತ್ತು. ಗಾಜಿನವನಿಗೆ ಬಾಗಿಲಲ್ಲೇ ಕಂಡಿತು. ಅಷ್ಟರಲ್ಲಿ ಬಚ್ಚಲ ಚಿಲಕ ತೆಗೆದ ಸದ್ದು. ಈಗ ಹೇಳಿದರೆ ಅವಳು ಓಡುತ್ತಾಳೆ. ಓಡಿದರೆ? ಡಾಕ್ಟರಮ್ಮನ ಮಾತು ಕಿವಿಯಲ್ಲಿತ್ತು. ಶಾಲೆಯ ಬಯಲಿನ ಗುಡಾರಗಳಲ್ಲಿ ನೆಲವೆಲ್ಲ ಕೆಸರು, ಮಲಗಲು ಚಾಪೆ. ಅಜ್ಜ ಹೋಗಿ ಪಟ್ಟಿಗೆ ಬೆನ್ನು ಕೊಟ್ಟು ನಿಂತ, ತಂದ ಚಹಾವನ್ನು ತಾನೇ ಗಟಗಟ ಕುಡಿದ.

"ಅದು ನನ್ನ ಚಹಾ!" ಎಂದಳು ಸೊಸೆ, ತಲೆ ಒರೆಸಿಕೊಳ್ಳುತ್ತಾ.

"ಸಕ್ಕರೆ ನೋಡಿದೆ. ಸರಿಯಿಲ್ಲ. ಕೆಳಗೆ ಬಿಸಿಲು ಚೆನ್ನಾಗಿದೆ, ಹೋಗಿ ಕೂದಲು ಆರಿಸ್ಕೋ ಹೋಗು."

ಅವಳು ಗೊಣಗುತ್ತಾ ಇಳಿದುಹೋದಳು. ಅಜ್ಜ ಪಕ್ಕದ ಕೋಣೆಯಲ್ಲಿದ್ದ ಹಳೆಯ ಫೋಟೋದ ಗಾಜನ್ನೇ ಬಿಚ್ಚಿ, ಸದಾ ಜೇಬಿನಲ್ಲಿರುವ, ಗಾಜು ಕೊಯ್ಯುವ ವಜ್ರದ ಮೊನೆಯಿಂದ ಗೀರಿ, ಅದೇ ಅಳತೆಯ ಪಟ್ಟಿ ಮುರಿದ. ಹಳೆಯದನ್ನು ಕಿತ್ತು ಹೊಸದನ್ನು ಸಿಮೆಂಟು ಮೆತ್ತಿ ಕೂರಿಸಿದ. ಫೋಟೋ ಕಟ್ಟಿನ ಕೆಳಗೆ ಹೆಸರು ಬರೆದು ಬರೆದು ಪಳಗಿದ ಕೈಗೆ ಎಂಜಿನಿಯರನ ಸಹಿ ಯಾವ ಲೆಕ್ಕ? ಒಂದೆರಡು ದಿನ ಅಷ್ಟೇ, ಮಗನಿಗೆ ಫೋನ್ ಮಾಡಿ ಬೇರೆ ಮನೆ ನೋಡೋಣ ಎಂದುಕೊಂಡ. ಮಗನಿದ್ದ ರಸ್ತೆ ಎರಡೂ ಕಡೆ ಕುಸಿದು ಮುಚ್ಚಿತ್ತು. ಊರಲ್ಲಿ ಗಟ್ಟಿ ಮನೆ ಎಂದರೆ ಬಂಗಾರದ ಹಾಗೆ, ಸಿಗಲಿಲ್ಲ. ಒಂದೆರಡು ದಿನ ನಾಲ್ಕೆಂಟಾಯಿತು. ಪಟ್ಟಿ ಮತ್ತೆ ಒಡೆಯಿತು, ಮತ್ತೆ ಹಾಕಿದ. ಮತ್ತೆ ಒಡೆಯಿತು.

ಹೀಗೆ ಒಂದೇ ಮನೆಯಲ್ಲಿ ಒಬ್ಬರ ಹೆದರಿಕೆ ಇಳಿಯುತ್ತಾ ಬಂತು, ಇನ್ನೊಬ್ಬರದು ಏರುತ್ತಾ ಹೋಯಿತು. ಸೊಸೆಯ ಕೆನ್ನೆ ತುಂಬಿತು. ನಗತೊಡಗಿದಳು. "ಇನ್ಯಾಕೆ ಆ ಚೀಲ, ಒಳಗಿಡು" ಎಂದು ಅಜ್ಜ ಹೇಳಿದ್ದಕ್ಕೆ ಬಾಗಿಲ ಬಳಿಯ ಚೀಲವನ್ನೂ ಬಿಚ್ಚಿ ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕಿದಳು. ಅಜ್ಜನಿಗೋ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಕೂತು ಕಿವಿಯನ್ನೆಲ್ಲ, ಮತ್ತೆ ಎತ್ತಿ ನಿಲ್ಲಿಸಿ ಉಳಿದ ಗಾಜು ತುಂಬಿದ್ದ ಗೂಡಿನ ಕಡೆ ಇಟ್ಟಿರುತ್ತಿದ್ದ. ಮನುಷ್ಯರಿಗೆ ತಿಳಿಯುವ ಮೊದಲೇ ಗಾಜುಗಳಿಗೆ ನಡುಕ ತಿಳಿಯುತ್ತಿತ್ತು, ಸಣ್ಣಗೆ ಪಿಸುಗುಟ್ಟುತ್ತಿದ್ದವು. ಆ ಪಿಸುಮಾತು ಮಹಡಿಗೆ ಕೇಳಿಸೀತು ಎಂದು ಹಾಳೆ ಹಾಳೆಯ ನಡುವೆ ಹಳೇ ಬಟ್ಟೆ ತುರುಕಿದ. ಗಾಜುಗಳ ಬಾಯಿ ಮುಚ್ಚಿತು. ಈಗ ಅವನಿಗೂ ಏನೂ ಕೇಳಿಸುತ್ತಿರಲಿಲ್ಲ, ಹೆದರಿಕೆ ಇಮ್ಮಡಿಯಾಯಿತು. ಮಹಡಿಯಲ್ಲಿ ಅವಳು ಮಗ್ಗುಲು ಬದಲಿಸಿದರೂ, ಮಂಚ ಕಿರ್ ಎಂದರೂ, ಕೆಳಗೆ ಅವನು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ಹೇಳಿಬಿಡಬೇಕು ಎಂದು ಮೆಟ್ಟಿಲು ಹತ್ತುವನು. ಅವಳ ನಗುಮುಖ ಕಂಡು, ಸಕ್ಕರೆಯ ವಿಷಯ ಮಾತಾಡಿ ಇಳಿದುಬರುವನು. ಬಿಸಿತುಪ್ಪ, ನುಂಗಲಾರ, ಉಗುಳಲಾರ.

ಎಂಜಿನಿಯರು ಎರಡನೆಯ ಸಲ ಬಂದ ದಿನ ಅಜ್ಜನ ಅವಸ್ಥೆ ಕೇಳಬೇಡಿ. "ಗಾಜು ನೋಡ್ಬೇಕಿತ್ತು" ಎಂದು ಅವನು ಬಾಯಿ ತೆರೆಯುವ ಮೊದಲೇ, "ನಾನೇನೂ ಮುಟ್ಟಿಲ್ಲಪ್ಪ" ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಎಂಜಿನಿಯರನಿಗೆ ಇನ್ನೂ ಇಡೀ ಬೀದಿ ಬಾಕಿ ಇತ್ತು. ಮಹಡಿಗೆ ಹೋಗಿ ಕಣ್ಣಾಡಿಸಿ, ಇಡಿಯಾಗಿದ್ದ ಪಟ್ಟಿ ನೋಡಿ, ಇಳಿದುಬಂದು ಬಾಗಿಲ ಪಕ್ಕ ಹಸಿರು ಬಣ್ಣದಲ್ಲಿ ದೊಡ್ಡ ದುಂಡು ಗುರುತು ಹಾಕಿದ. ವಾಸಕ್ಕೆ ಅಡ್ಡಿಯಿಲ್ಲ ಎಂದು ಅದರ ಅರ್ಥ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಅಜ್ಜನಿಗೆ ಆಯುಸ್ಸು ಹೆಚ್ಚಿದಂತೆ ಅನಿಸಲಿಲ್ಲ. ಅವನು ಹೇಳಿದ ಸುಳ್ಳನ್ನು ಈಗ ಮನೆಯ ಮುಂಬಾಗಿಲು ಬೀದಿಗೆಲ್ಲ ಹೇಳುತ್ತಿತ್ತು.

ಆ ಬೀದಿಯಲ್ಲಿ ಹಸಿರು ಗುರುತು ಬಿದ್ದ ಮನೆ ಅದೊಂದೇ. ಎದುರುಮನೆಯ ದರ್ಜಿಯ ಸಂಸಾರ ಗುಡಾರದಲ್ಲಿತ್ತು; ಗಂಡ, ಹೆಂಡತಿ, ಅವಳಿ ಹೆಣ್ಣುಮಕ್ಕಳು, ಮುದಿ ತಾಯಿ. ಮಕ್ಕಳಿಗೆ ಕೆಮ್ಮು ಹತ್ತಿತ್ತು. ಸಾಮಾನು ಒಯ್ಯಲು ಬಂದಿದ್ದ ಅವರನ್ನು ಕಿಟಕಿಯಿಂದ ಕಂಡು ಕರೆದವಳು ಸೊಸೆಯೇ. "ನಮ್ಮ ಗೋಡೆ ಗಟ್ಟಿಯಿದೆ, ಬನ್ನಿ ಅಕ್ಕಾ. ಮಕ್ಕಳು ನನ್ನ ಜೊತೆ ಮಲಗ್ಲಿ."

ಅಜ್ಜ ಬಾಗಿಲಿಗೆ ಅಡ್ಡ ನಿಂತ. "ಅಯ್ಯೋ, ಇಲ್ಲಿ ತಿಗಣೆ ಕಣಯ್ಯ," ಎಂದ ದರ್ಜಿಗೆ.

"ಗುಡಾರದಲ್ಲಿ ಚೇಳಿದೆ ಅಜ್ಜ," ಎಂದ ದರ್ಜಿ.

"ಇಲಿ ಇವೆ. ಬೆಕ್ಕಿನಷ್ಟು ದೊಡ್ಡವು."

"ಇದ್ರೆ ಇರ್ಲಿ ಬಿಡಿ, ನಾವೇನು ಅವುಗಳ ಊಟ ಕಿತ್ಕೊಳ್ತೀವಾ?"

"ಗಾಜಿನ ಚೂರು ಎಲ್ಲಾ ಕಡೆ, ಮಕ್ಕಳ ಕಾಲು..."

ದರ್ಜಿಯ ತಾಯಿ ಚಾಪೆಯ ಸುರುಳಿ ಕೆಳಗಿಟ್ಟು ಅವನನ್ನೇ ನೋಡಿದಳು. "ಏನಣ್ಣ, ಇಷ್ಟು ವರ್ಷ ಎದುರುಬದರು ಇದ್ದೀವಿ, ನಿನ್ನ ಮನಸ್ಸು ಇಷ್ಟು ಚಿಕ್ಕದು ಅಂತ ಗೊತ್ತಿರ್ಲಿಲ್ಲ."

ಅಜ್ಜ ತಲೆ ತಗ್ಗಿಸಿದ. ಜಿಪುಣ ಎಂದು ಬೈಸಿಕೊಳ್ಳುವುದು ಎಷ್ಟು ಸುಲಭ, ನಿಜ ಹೇಳುವುದು ಎಷ್ಟು ಕಷ್ಟ! ಅವರು ಒಳಗೆ ಬಂದರು. ದೊಡ್ಡವರು ಅಂಗಡಿಯಲ್ಲಿ, ಮಕ್ಕಳು ಮಹಡಿಯಲ್ಲಿ, ಆ ಗೋಡೆಯ ಬುಡದಲ್ಲಿ, ಆ ಮಂಚದ ಮೇಲೆ. ಮನೆ ತುಂಬ ನಗು, ಗಲಾಟೆ. ಅದರ ನಡುವೆ ಅಜ್ಜ ಕಳ್ಳನ ಹಾಗೆ ಹತ್ತುವುದು, ಇಳಿಯುವುದು. ಮೊದಲು ಅವನಿಗೆ ಒಂದೂವರೆ ಜೀವದ ಚಿಂತೆಯಿತ್ತು. ಈಗ ಯಾರ ಉಸಿರು ಕೇಳಿದರೂ ಹೆದರಿಕೆ.

ಆಮೇಲೊಂದು ಮಳೆಯ ಮಧ್ಯಾಹ್ನ. ಅಂದು ಬೆಳಗ್ಗೆಯಷ್ಟೇ ಪಟ್ಟಿ ಬದಲಿಸಿದ್ದ. ಅವಳಿಗಳು ಮಂಚದ ಮೇಲೆ ನಿದ್ದೆ ಹೋಗಿದ್ದವು, ಸೊಸೆ ಪಕ್ಕದಲ್ಲಿ ಕೂತು ಕುಲಾವಿ ಹೆಣೆಯುತ್ತಿದ್ದಳು, ದರ್ಜಿಯ ತಾಯಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ಅಜ್ಜ ಸುಮ್ಮನೆ ಇಣುಕಿದ. ಪಟ್ಟಿ ಒಡೆದಿತ್ತು. ಕೂದಲೆಳೆಯಲ್ಲ, ಎರಡು ತುಂಡುಗಳ ನಡುವೆ ಉಗುರು ತೂರುವಷ್ಟು ಸಂದು. ಬೆಳಗಿನಿಂದ ನೆಲ ಒಮ್ಮೆಯೂ ಅಲುಗಿರಲಿಲ್ಲ. ಅಲುಗದೆಯೇ ಒಡೆದಿದೆ ಎಂದರೆ ಗೋಡೆ ತಾನಾಗಿಯೇ ನಡೆಯತೊಡಗಿದೆ.

ಅವನು ಏನೂ ಹೇಳದೆ ಕೆಳಗಿಳಿದ. ಮೇಜಿನ ಮೇಲೆ ಗಾಜು ಹಾಸಿ ವಜ್ರದ ಮೊನೆ ಎಳೆದ. ಗೀರು ಸೊಟ್ಟಗಾಯಿತು. ಜೀವಮಾನದಲ್ಲಿ ಹಾಗಾದದ್ದಿಲ್ಲ. ಮತ್ತೆ ಎಳೆದು ಮುರಿದಾಗ ಅಂಚು ಅಂಗೈಗೆ ಇಳಿಯಿತು. ರಕ್ತ ಗಾಜಿನ ಮೇಲೆ ಹರಡುವುದನ್ನು ನೋಡುತ್ತಾ ನಿಂತವನಿಗೆ ಆಗ ಹೊಳೆಯಿತು, ತಾನು ಏನು ಮಾಡುತ್ತಿದ್ದೇನೆ ಎಂದು. ಮೇಲೆ ಮಕ್ಕಳು ಮಲಗಿದ್ದಾರೆ. ಕೈ ಮಕ್ಕಳ ಕಡೆ ಹೋಗಿರಲಿಲ್ಲ, ಗಾಜಿನ ಕಡೆ ಹೋಗಿತ್ತು. ಭೂಕಂಪಕ್ಕಿಂತ ಹೆಚ್ಚು ಅವನಿಗೆ ತನ್ನ ಆ ಕೈಯ ಭಯವಾಯಿತು.

ಪಟ್ಟಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ. ಮೊಣಕೈಯವರೆಗೆ ರಕ್ತ. ಸೊಸೆ ಹೆಣಿಗೆ ಕೆಳಗಿಟ್ಟಳು.

"ಮಾವ! ಏನಾಯ್ತು ಕೈಗೆ? ಅದೇನದು?"

ಅವಳು ಅವನ ಕೈಯಲ್ಲಿದ್ದ ಪಟ್ಟಿ ನೋಡಿದಳು. ತಿರುಗಿ ಗೋಡೆ ನೋಡಿದಳು. ಮತ್ತೆ ಅವನ ಮುಖ.

"ಎಷ್ಟನೇದು ಇದು?"

"ಲೆಕ್ಕ ಇಟ್ಟಿಲ್ಲ ಕಣಮ್ಮ."

ಕಿರುಚುತ್ತಾಳೆ, ಓಡುತ್ತಾಳೆ, ಬೀಳುತ್ತಾಳೆ ಎಂದು ಅಜ್ಜ ಅಷ್ಟು ದಿನ ನಡುಗಿದ್ದನಲ್ಲ, ಅದೊಂದೂ ಆಗಲಿಲ್ಲ. ಅವಳು ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ದರ್ಜಿಯ ತಾಯಿಯ ಭುಜ ಅಲುಗಿಸಿ, "ಎದ್ದೇಳಿ, ಹೊರಗೆ ಹೋಗ್ಬೇಕು, ಈಗ್ಲೇ" ಎಂದಳು. ಅವಳಿಗಳಲ್ಲಿ ಒಬ್ಬಳನ್ನು ಎಬ್ಬಿಸಿ ಕೈ ಹಿಡಿದಳು. "ಮಾವ, ಆ ಮಗೂನ ಎತ್ಕೊಳ್ಳಿ. ಗೋಡೆ ಬದೀಲಿ ಬೇಡ, ಈ ಕಡೆಯಿಂದ ಇಳೀರಿ." ಅವಳ ದನಿ ತರಗತಿಯಲ್ಲಿರುವ ಹಾಗೆ ಇತ್ತು. ಭೂಕಂಪದ ಮೊದಲ ದಿನದಿಂದ ಹಾಸಿಗೆಯ ಮೇಲೆ ಮಲಗಿ, ಹೆದರಿ ಹೆದರಿ, ಮನಸ್ಸಿನಲ್ಲಿ ಸಾವಿರ ಸಲ ಇಳಿದ ಮೆಟ್ಟಿಲುಗಳವು. ಕೆಳಗೆ ಹೊಲಿಯುತ್ತಿದ್ದ ದರ್ಜಿ ಮತ್ತು ಹೆಂಡತಿಯನ್ನೂ ಕೂಗಿ ಎಬ್ಬಿಸಿದಳು. ಎಲ್ಲರೂ ಮಳೆಯಲ್ಲೇ ಬೀದಿ ದಾಟಿ, ಗೋಡೆಗಳಿಂದ ದೂರ, ತಿರುವಿನ ಬಯಲು ಜಾಗದಲ್ಲಿ ನಿಂತರು.

ಮನೆ ನಿಂತೇ ಇತ್ತು. ಮಳೆಯಲ್ಲಿ ಹಸಿರು ಗುರುತು ಇನ್ನೂ ಹೊಸದಾಗಿ ಕಾಣುತ್ತಿತ್ತು.

"ಏನೂ ಆಗಿಲ್ವಲ್ಲ," ಎಂದ ದರ್ಜಿ. "ಹೊಲಿಗೆ ಮೆಷಿನ್ ಆದ್ರೂ ತಂದ್ಬಿಡ್ತೀನಿ. ಒಂದೇ ನಿಮಿಷ."

ಅಜ್ಜ ಎತ್ತಿಕೊಂಡಿದ್ದ ಮಗುವನ್ನು ಕೆಳಗಿಳಿಸಿ ದರ್ಜಿಯ ಅಂಗಿ ಹಿಡಿದ. "ಹೋಗ್ಬೇಡ. ಆ ಗಾಜು ಒಡೆದು ಬಹಳ ದಿನ ಆಯ್ತು. ನಾನೇ ಬದಲಾಯಿಸ್ತಾ ಇದ್ದೆ. ಸಹಿ ನಂದು. ಆ ಬಣ್ಣ ಸುಳ್ಳು. ನಿನ್ನ ಮಕ್ಕಳನ್ನ ಆ ಗೋಡೆ ಕೆಳಗೆ ಮಲಗಿಸಿ, ಸುಮ್ನಿದ್ದೆ ಕಣಯ್ಯ." ಕೊನೆಕೊನೆಗೆ ಅವನ ಮಾತು ಅಳುವಾಯಿತು. ಬೀದಿಯ ಜನ ಅವನು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ದರ್ಜಿ ಕೈ ಎತ್ತಿದ, ಹೊಡೆಯಲೆಂದೇ. ಎತ್ತಿದ ಕೈ ಹಾಗೇ ನಿಂತಿತು, ಏಕೆಂದರೆ ನೆಲ ಅಲುಗಿತು.

ಸಣ್ಣ ನಡುಕ. ಲೋಟದ ಚಹಾ ಕೂಡ ತುಳುಕದಷ್ಟು. ಮಹಡಿಯ ಹಿಂದಿನ ಗೋಡೆ ಹೊರಕ್ಕೆ ವಾಲಿ ಕಣ್ಣಿಗೆ ಕಾಣದಾಯಿತು. ಅದರ ಮೇಲಿದ್ದ ತಾರಸಿ ಮಂಚದ ಮೇಲೆ ಕುಸಿಯಿತು. ಆಮೇಲೆ ಬಟ್ಟೆ ತುರುಕಿದ್ದ ಗಾಜುಗಳೆಲ್ಲ ಒಂದೇ ಸಲ ಬಾಯಿಬಿಟ್ಟವು. ಆ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಸೊಸೆ ಹೊಟ್ಟೆ ಹಿಡಿದು ನೆಲದ ಮೇಲೆ ಕೂತಳು. ಅಜ್ಜ ಹತ್ತಿರ ಹೋಗಲು ಧೈರ್ಯವಿಲ್ಲದೆ ನಿಂತ. ದರ್ಜಿಯ ತಾಯಿ ಬಗ್ಗಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಎಲ್ಲರೂ ಕಾದರು.

"ಒದೀತಿದೆ," ಎಂದಳು ಸೊಸೆ ಕೊನೆಗೆ. ಆಗ ಅವಳಿಗೆ ಮೈಯೆಲ್ಲ ನಡುಕ ಹತ್ತಿತು.

ಸಂಜೆ ಗುಡಾರದಲ್ಲಿ ಡಾಕ್ಟರಮ್ಮ ಬಂದು ನೋಡಿ, ತೊಂದರೆಯಿಲ್ಲ ಎಂದು ಹೇಳಿ, ಅಜ್ಜನ ಕೈಗೆ ಹೊಲಿಗೆ ಹಾಕಿ ಹೋದಳು. ದರ್ಜಿಯ ಸಂಸಾರ ಗುಡಾರದ ಆ ತುದಿಗೆ ಸರಿದು ಇವರ ಕಡೆ ಬೆನ್ನು ಮಾಡಿ ಕೂತಿತ್ತು. ಸೊಸೆ ಚಾಪೆಯ ಮೇಲೆ ಮಲಗಿ ಗುಡಾರದ ಬಟ್ಟೆಯನ್ನೇ ನೋಡುತ್ತಿದ್ದಳು. ಮಧ್ಯಾಹ್ನದಿಂದ ಮಾವನೊಡನೆ ಒಂದು ಮಾತಾಡಿರಲಿಲ್ಲ.

"ನೀನು ಹೆದರ್ಕೋಬಾರ್ದು ಅಂತ ಮಾಡ್ದೆ ಕಣಮ್ಮ," ಎಂದ ಅಜ್ಜ.

"ಗೊತ್ತು."

"ನಿನಗೆ ಏನಾದ್ರೂ ಆಗಿದ್ರೆ..."

"ಆ ಹೆದರಿಕೆ ನಂದಾಗಿತ್ತು ಮಾವ," ಎಂದಳು ಅವಳು. ದನಿಯಲ್ಲಿ ಸಿಟ್ಟಿತ್ತು, ಅಳುವೂ ಇತ್ತು. "ನನ್ನ ಮಗು ಉಳಿಸ್ಕೊಳ್ಳೋಕೆ ನನ್ನ ಹತ್ರ ಇದ್ದದ್ದು ಅದೊಂದೇ. ಅದನ್ನೂ ಕಿತ್ಕೊಂಡ್ರಿ."

ಹೊರಗೆ ಮಳೆ ನಿಂತಿತ್ತು. ಗುಡಾರದ ನಡುಗಂಬಕ್ಕೆ ತೂಗುಹಾಕಿದ್ದ ಲಾಂದ್ರ ಮೆಲ್ಲಗೆ ತೂಗತೊಡಗಿತು. ಗಾಳಿ ಇರಲಿಲ್ಲ. ಸೊಸೆ ಅದನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ, ಕಣ್ಣು ಮುಚ್ಚಿದ್ದಳು. ಅಜ್ಜ ಆ ಲಾಂದ್ರವನ್ನೇ ನೋಡಿದ. ಕೈ ಚಾಚಿ ಅದನ್ನು ಹಿಡಿದು ನಿಲ್ಲಿಸುವುದು ಕಷ್ಟವೇನಾಗಿರಲಿಲ್ಲ. ಗಾಯದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡ.

"ಏಳಮ್ಮ," ಎಂದ. "ನೆಲ ಅಲುಗ್ತಾ ಇದೆ. ನಂಗೆ ಹೆದರಿಕೆ ಆಗ್ತಿದೆ."

ಅವಳು ಎದ್ದು ಕೂತಳು.